1828ರ ಒಬ್ಬ ಚೆರೋಕಿ ಗೃಹಸ್ಥ: ತೈಲವರ್ಣದಲ್ಲಿ ಭಾವಚಿತ್ರ ಬಿಡಿಸುವ ಬಗೆ

ಅಮೆರಿಕದ ಮೂಲನಿವಾಸಿ ಜನಾಂಗಗಳಲ್ಲೊಂದಾದ ಚೆರೋಕಿಯವರ ಭಾವಚಿತ್ರ ಬಿಡಿಸಲು ಹೊರಟವರು ಮೊದಲು ಒಂದು ಒಳ್ಳೆಯ ಮುಖ ಹುಡುಕುತ್ತಾರೆ. ಅದಕ್ಕಿಂತ ಮೊದಲು ಇಸವಿಯನ್ನು ಗಟ್ಟಿ ಮಾಡಿಕೊಳ್ಳಬೇಕು. ತಲೆಗೆ ಏನು ಸುತ್ತಿದೆ, ಕಿವಿಯಲ್ಲಿ ಏನಿದೆ, ಮೈಮೇಲೆ ಯಾವ ಬಟ್ಟೆ, ಕೈಯಲ್ಲಿ ಏನು ಹಿಡಿದಿದ್ದಾನೆ, ಇವೆಲ್ಲ ಇಸವಿಯಿಂದಲೇ ತೀರ್ಮಾನವಾಗುತ್ತವೆ. ಅದು ಖಚಿತವಾಗದೆ ಕ್ಯಾನ್ವಾಸಿಗೆ ಕೈ ಹಾಕಿದರೆ ನೂರು ವರ್ಷಗಳ ಬಟ್ಟೆಬರೆ ಒಬ್ಬನ ಮೈಮೇಲೆ ಬಂದು ಕೂರುತ್ತದೆ.

1762ನ್ನೇ ನೋಡಿ. ಆ ವರ್ಷ ಹೆನ್ರಿ ಟಿಂಬರ್ಲೇಕ್ ಎಂಬ ಸೈನಿಕನ ಜೊತೆ ಮೂವರು ಚೆರೋಕಿ ಮುಖಂಡರು ಲಂಡನ್ನಿಗೆ ಹೋದರು. ಅವರಲ್ಲಿ ಒಸ್ಟೆನಾಕೊನನ್ನು ಜೋಶುವಾ ರೆನಾಲ್ಡ್ಸ್, ಕನ್ನೆ ಶೋಟೆಯನ್ನು ಫ್ರಾನ್ಸಿಸ್ ಪಾರ್ಸನ್ಸ್ ಚಿತ್ರಿಸಿದರು. ಆ ಕಾಲದ ಚೆರೋಕಿ ಗಂಡಸರು ನೆತ್ತಿಯ ಮೇಲೊಂದು ಜುಟ್ಟು ಬಿಟ್ಟು ಉಳಿದ ಕೂದಲನ್ನು ಬೋಳಿಸುತ್ತಿದ್ದರು. ಕಿವಿಯ ಅಂಚನ್ನು ಸೀಳಿ ಹಿಗ್ಗಿಸಿ ಬೆಳ್ಳಿ ತಂತಿ ಸುತ್ತುತ್ತಿದ್ದರು. ಕತ್ತಿನ ಕೆಳಗೆ ಅರ್ಧಚಂದ್ರಾಕಾರದ ಬೆಳ್ಳಿ ಫಲಕ ತೂಗುತ್ತಿತ್ತು, ಹೆಗಲ ಮೇಲೆ ಕೆಂಪು ಉಣ್ಣೆಯ ಹೊದಿಕೆ ಇರುತ್ತಿತ್ತು. 1828ಕ್ಕೆ ಬಂದರೆ ತಲೆಗೆ ಅಚ್ಚಿನ ಬಟ್ಟೆಯ ಪೇಟ, ಮೈಮೇಲೆ ಹತ್ತಿಯ ಅಂಗಿ, ಅದರ ಮೇಲೆ ಮುಂದೆ ತೆರೆದ ಬೇಟೆ ಕೋಟು, ಸೊಂಟಕ್ಕೆ ಬೆರಳಿನಲ್ಲೇ ನೇಯ್ದ ಪಟ್ಟಿ ಕಾಣುತ್ತವೆ. ಅದೇ ವರ್ಷ ಚೆರೋಕಿಗಳ ಮುಖ್ಯ ನಾಯಕರಾಗಿ ಆಯ್ಕೆಯಾದ ಜಾನ್ ರಾಸ್ ತಮ್ಮ ಭಾವಚಿತ್ರದಲ್ಲಿ ಧರಿಸಿರುವುದು ಕಪ್ಪು ಕೋಟು. ಅಂದರೆ ಒಂದೇ ಕಾಲದಲ್ಲಿ ಎರಡೂ ಉಡುಪುಗಳು ಇದ್ದವು.

ಇಲ್ಲಿ ಆರಿಸಿಕೊಂಡಿರುವುದು 1828. ಆ ಫೆಬ್ರವರಿ 21ರಂದು ಜಾರ್ಜಿಯದ ನ್ಯೂ ಎಕೋಟದಲ್ಲಿ ‘ಚೆರೋಕಿ ಫೀನಿಕ್ಸ್’ ಪತ್ರಿಕೆಯ ಮೊದಲ ಸಂಚಿಕೆ ಇಂಗ್ಲಿಷ್ ಮತ್ತು ಚೆರೋಕಿ ಎರಡೂ ಭಾಷೆಗಳಲ್ಲಿ ಅಚ್ಚಾಯಿತು. ನಮ್ಮ ಚಿತ್ರದ ಮನುಷ್ಯ ನಲವತ್ತರ ಆಸುಪಾಸಿನ ಗೃಹಸ್ಥ, ಕೈಯಲ್ಲಿ ಮಡಿಸಿದ ಆ ಪತ್ರಿಕೆ. ಹತ್ತು ವರ್ಷಗಳ ನಂತರ, 1838-39ರಲ್ಲಿ, ಅವನ ಜನರನ್ನು ಅಮೆರಿಕದ ಸೇನೆ ಮನೆಗಳಿಂದ ಹೊರಹಾಕಿ ಪಶ್ಚಿಮಕ್ಕೆ ಅಟ್ಟಿತು. ಆ ದಾರಿಯಲ್ಲಿ ಸುಮಾರು 4,000 ಮಂದಿ ಸತ್ತರೆಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಇದು ನಮಗೆ ಗೊತ್ತು, ಅವನಿಗೆ ಗೊತ್ತಿಲ್ಲ. ಆದ್ದರಿಂದ ಅವನ ಮುಖದಲ್ಲಿ ಮುಂಚಿತವಾಗಿಯೇ ಶೋಕ ತುಂಬಬೇಡಿ. ‘ಅಳಿದುಹೋಗುತ್ತಿರುವ ಜನಾಂಗ’ದ ಕಣ್ಣೀರಿನ ಮುಖ ಬೇರೆಯವರು ಕಟ್ಟಿದ ಕಲ್ಪನೆ. ಅವನು ತನ್ನ ಮನೆಯಲ್ಲಿ, ತನ್ನ ಭಾಷೆಯಲ್ಲಿ ಅಚ್ಚಾದದ್ದನ್ನು ಓದಿ ಈಗಷ್ಟೇ ತಲೆ ಎತ್ತಿದ್ದಾನೆ. ಮುಖದಲ್ಲಿ ಅಷ್ಟು ಬಂದರೆ ಸಾಕು.

ಆಕರ ಚಿತ್ರಗಳನ್ನು ನೋಡುವುದು

ಇಂಟರ್‌ನೆಟ್ಟಿನಲ್ಲಿ ‘ಚೆರೋಕಿ’ ಎಂದು ಹುಡುಕಿದರೆ ಬೆನ್ನಿನವರೆಗೆ ಇಳಿಬಿದ್ದ ಹದ್ದಿನ ಗರಿಗಳ ಕಿರೀಟ ತೊಟ್ಟವರು ಬರುತ್ತಾರೆ. ಆ ಕಿರೀಟ ಬಯಲುಸೀಮೆಯ ಲಕೋಟಾ, ಷೆಯೆನ್ ಮೊದಲಾದವರದ್ದು. ಇಪ್ಪತ್ತನೇ ಶತಮಾನದಲ್ಲಿ ಉತ್ತರ ಕೆರೊಲೈನಾದ ಚೆರೋಕಿ ಊರಿನ ರಸ್ತೆಬದಿಯಲ್ಲಿ ಪ್ರವಾಸಿಗರ ಜೊತೆ ಫೋಟೊಕ್ಕೆ ನಿಲ್ಲಲು ಕೆಲವರು ಅದನ್ನು ತೊಟ್ಟರು, ಸಿನಿಮಾ ನೋಡಿ ಬಂದ ಪ್ರವಾಸಿಗರು ಬಯಸಿದ್ದು ಅದನ್ನೇ. ಹೀಗಾಗಿ ಫೋಟೊದಲ್ಲಿರುವ ವ್ಯಕ್ತಿ ನಿಜವಾಗಿ ಚೆರೋಕಿಯೇ ಆಗಿದ್ದರೂ ಉಡುಪು ಚೆರೋಕಿಯದಲ್ಲ. ತೊಗಲಿನ ಶಂಕುವಿನಾಕಾರದ ಡೇರೆ, ಮರಳುಗಾಡು, ಕಳ್ಳಿಗಿಡ, ಕೆತ್ತಿದ ಟೋಟೆಮ್ ಕಂಬ, ಕನಸು ಹಿಡಿಯುವ ಬಲೆ, ಇವನ್ನೂ ಬಿಡಿ. ಚೆರೋಕಿ ನಾಡು ಅಪಲೇಚಿಯನ್ ಬೆಟ್ಟಸಾಲಿನ ದಕ್ಷಿಣದ ದಟ್ಟ ಕಾಡು. 1828ರ ಹೊತ್ತಿಗೆ ಅಲ್ಲಿ ಮರದ ದಿಮ್ಮಿಯ ಮನೆಗಳು, ಮೆಕ್ಕೆಜೋಳದ ಹೊಲಗಳು, ನೂಲುವ ರಾಟೆಗಳು ಇದ್ದವು.

ನಂಬಬಹುದಾದ ಆಕರಗಳು ಕಡಿಮೆ, ಆದರೆ ಒಳ್ಳೆಯವು. ಚೆರೋಕಿ ಲಿಪಿಯನ್ನು ರೂಪಿಸಿದ ಸಿಕ್ವೋಯಾನನ್ನು ಚಾರ್ಲ್ಸ್ ಬರ್ಡ್ ಕಿಂಗ್ 1828ರಲ್ಲಿ ವಾಷಿಂಗ್ಟನ್ನಿನಲ್ಲಿ ಚಿತ್ರಿಸಿದ. ಮೂಲ ಚಿತ್ರ 1865ರಲ್ಲಿ ಸ್ಮಿತ್ಸೋನಿಯನ್ ಸಂಸ್ಥೆಯ ಕಟ್ಟಡಕ್ಕೆ ಬಿದ್ದ ಬೆಂಕಿಯಲ್ಲಿ ಸುಟ್ಟುಹೋಯಿತು. ಅದಕ್ಕೂ ಮುಂಚೆ ಹೆನ್ರಿ ಇನ್ಮನ್ ಮಾಡಿದ ತೈಲವರ್ಣದ ಪ್ರತಿ ವಾಷಿಂಗ್ಟನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ, ಶಿಲಾಮುದ್ರಣದ ಪ್ರತಿಗಳೂ ಹಲವಿವೆ. ಪೇಟದ ಸುತ್ತು, ಕತ್ತಿನ ಬಟ್ಟೆ, ಕೈ ಹಿಡಿಯುವ ರೀತಿಯನ್ನು ಅದರಿಂದ ಕಲಿಯಿರಿ. ಶಿಲಾಮುದ್ರಣದಿಂದ ಬಣ್ಣ ಮಾತ್ರ ತೆಗೆದುಕೊಳ್ಳಬೇಡಿ. ಅವಕ್ಕೆ ಕೈಯಿಂದ ಬಣ್ಣ ಹಾಕಿದ್ದರಿಂದ ಪ್ರತಿಯಿಂದ ಪ್ರತಿಗೆ ಬಣ್ಣ ಬದಲಾಗುತ್ತದೆ. ಜಾರ್ಜ್ ಕ್ಯಾಟ್ಲಿನ್ 1834ರಲ್ಲಿ ಇಂದಿನ ಒಕ್ಲಹೋಮದ ಫೋರ್ಟ್ ಗಿಬ್ಸನ್ ಸೇನಾನೆಲೆಯ ಬಳಿ ಬಿಡಿಸಿದ ಕೊಲ್ಲಿ ಎಂಬ ಮುಖಂಡನ ಚಿತ್ರವನ್ನೂ ನೋಡಿ.

ಮುಖಕ್ಕೆ ಈ ಚಿತ್ರಗಳನ್ನು ನಕಲು ಮಾಡಬೇಡಿ, ಅವು ಹೆಸರಿರುವ, ವಂಶಸ್ಥರಿರುವ ವ್ಯಕ್ತಿಗಳ ಮುಖಗಳು. ಒಬ್ಬ ರೂಪದರ್ಶಿಯನ್ನು ಕೂರಿಸಿ ಬೆಳಕು ಮತ್ತು ಎಲುಬಿನ ರಚನೆಯನ್ನು ಅಭ್ಯಾಸ ಮಾಡಿ. ಕೊಕ್ಕಿನಂಥ ಮೂಗು, ಬಿಗಿದ ತುಟಿ, ದೂರ ನೆಟ್ಟ ನೋಟ ಸೇರಿಸಿದರೆ ಚೆರೋಕಿ ಮುಖವಾಗುತ್ತದೆಂಬ ಎಣಿಕೆ ತಪ್ಪು. ನಿಜದಲ್ಲಿ ಮುಖಗಳು ಬಗೆಬಗೆಯವು. ಜಾನ್ ರಾಸ್ ಅವರ ಪೂರ್ವಿಕರಲ್ಲಿ ಹೆಚ್ಚಿನವರು ಸ್ಕಾಟ್ಲೆಂಡಿನವರು.

ಸಾಮಗ್ರಿ

ಕ್ಯಾನ್ವಾಸ್ 16×20 ಇಂಚು, ಮಧ್ಯಮ ನೇಯ್ಗೆಯದು. ಅಂಗಡಿಯಿಂದ ತಂದದ್ದಕ್ಕೆ ಇನ್ನೆರಡು ಕೈ ಜೆಸ್ಸೊ (ಬಣ್ಣಕ್ಕೆ ಮುಂಚೆ ಹಚ್ಚುವ ಬಿಳಿ ಅಸ್ತರು) ಹಚ್ಚಿ, ಒಣಗಿದ ಮೇಲೆ 220 ನಂಬರಿನ ಮರಳು ಕಾಗದದಿಂದ ಹಗುರವಾಗಿ ಉಜ್ಜಿ. ಈ ಅಳತೆಯಲ್ಲಿ ಕಣ್ಣಿನ ಅಗಲ ಒಂದಿಂಚಿನ ಆಸುಪಾಸು ಬರುತ್ತದೆ, ನೇಯ್ಗೆ ಎದ್ದು ಕಂಡರೆ ರೆಪ್ಪೆಯ ಅಂಚು ಹರಿದಂತಾಗುತ್ತದೆ.

ಬಣ್ಣಗಳು ಹತ್ತು: ಟೈಟೇನಿಯಂ ವೈಟ್, ಯೆಲ್ಲೋ ಓಕರ್, ಬರ್ಂಟ್ ಸಿಯೆನ್ನಾ, ಲೈಟ್ ರೆಡ್, ರಾ ಅಂಬರ್, ಬರ್ಂಟ್ ಅಂಬರ್, ಅಲ್ಟ್ರಾಮರೀನ್, ಪರ್ಮನೆಂಟ್ ಅಲಿಜರಿನ್, ಕ್ಯಾಡ್ಮಿಯಂ ರೆಡ್, ಐವರಿ ಬ್ಲ್ಯಾಕ್. ಬ್ರಷ್‌ಗಳಲ್ಲಿ ಹಂದಿಕೂದಲಿನ ಚಪ್ಪಟೆ 8 ಮತ್ತು 10, ಅಂಡಾಕಾರದ ತುದಿಯ 4 ಮತ್ತು 6, ಮೃದು ಕೂದಲಿನ ದುಂಡು 0 ಮತ್ತು 2. ಜೊತೆಗೆ ಟರ್ಪೆಂಟೈನ್, ಅಗಸೆ ಎಣ್ಣೆ, ಪ್ಯಾಲೆಟ್ ಚಾಕು, ಹಳೆ ಹತ್ತಿಬಟ್ಟೆ. ಅಗಸೆ ಎಣ್ಣೆ ಮೆತ್ತಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಅದು ಕೂಡಿ ತಾನಾಗಿಯೇ ಬೆಂಕಿ ಹತ್ತಬಹುದು. ನೀರು ತುಂಬಿದ ಡಬ್ಬದಲ್ಲಿ ಮುಳುಗಿಸಿಡಿ.

ಅಳತೆ ಮತ್ತು ರೇಖೆ

ಗಲ್ಲದಿಂದ ನೆತ್ತಿಯವರೆಗೆ ತಲೆ 7.5 ಇಂಚು ಇರಲಿ. ನಿಜದ ತಲೆ ಹೆಚ್ಚುಕಡಿಮೆ 9 ಇಂಚು, ಹಾಗಾಗಿ ಚಿತ್ರದಲ್ಲಿ ಎಲ್ಲವೂ ನಿಜದ ಆರರಲ್ಲಿ ಐದು ಪಾಲು. ಕ್ಯಾನ್ವಾಸಿನ ಮೇಲಂಚಿನಿಂದ 3 ಇಂಚಿಗೆ ನೆತ್ತಿ, ಆರೂಮುಕ್ಕಾಲು ಇಂಚಿಗೆ ಕಣ್ಣಿನ ಗೆರೆ, ಹತ್ತೂವರೆ ಇಂಚಿಗೆ ಗಲ್ಲ ಗುರುತು ಮಾಡಿ. ಪೇಟ ನೆತ್ತಿಯಿಂದ ಒಂದಿಂಚು ಮೇಲಕ್ಕೆ ಹೋಗುತ್ತದೆ, ಅದರ ಕೆಳಂಚು 5 ಇಂಚಿನ ಗುರುತಿಗೆ ಬಂದು ನಿಲ್ಲುತ್ತದೆ. ಗಲ್ಲದ ಕೆಳಗೆ ಉಳಿಯುವ ಒಂಬತ್ತೂವರೆ ಇಂಚಿನಲ್ಲಿ ಎದೆ, ಕೋಟಿನ ತೆರೆದ ಭಾಗ, ಕೆಳಗಿನ ಮೂಲೆಯಲ್ಲಿ ಕೈ ಮತ್ತು ಪತ್ರಿಕೆ. ಮುಖದ ಮುಕ್ಕಾಲು ಭಾಗ ಕಾಣುವಂತೆ ತಲೆ ಪಕ್ಕಕ್ಕೆ ತಿರುಗಿರಲಿ. ನೋಟ ಹೋಗುವ ಕಡೆ ಹೆಚ್ಚು ಜಾಗ ಬಿಡಿ.

ಪೇಟವಿರುವ ತಲೆಯಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ಪೇಟದ ಕೆಳಂಚನ್ನೇ ತಲೆಯ ಕೊನೆಯೆಂದು ಎಣಿಸಿ ಅದರ ಮೇಲೆ ಬಟ್ಟೆಯ ತಟ್ಟೆಯೊಂದನ್ನು ಇಟ್ಟುಬಿಡುತ್ತಾರೆ. ಆಗ ಬುರುಡೆ ಕುಗ್ಗಿ ಮುಖ ಮುಖವಾಡದಂತಾಗುತ್ತದೆ. ಮೊದಲು ಬೋಳುತಲೆಯನ್ನೇ ಪೂರ್ತಿ ಬರೆಯಿರಿ, ಕಿವಿಯ ಹಿಂದಿನ ಉಬ್ಬು ಕೂಡ ಕಾಣಲಿ. ಅದರ ಮೇಲೆ ಬಟ್ಟೆಯನ್ನು ಒಂದೊಂದೇ ಸುತ್ತಾಗಿ ಕೂರಿಸಿ.

ರೇಖೆಗೆ ಮುಂಚೆ ಕ್ಯಾನ್ವಾಸಿನ ಬಿಳುಪನ್ನು ಮುರಿಯಬೇಕು. ರಾ ಅಂಬರಿಗೆ ಚೂರು ಓಕರ್ ಸೇರಿಸಿ, ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡಿ ಹಚ್ಚಿ, ಐದು ನಿಮಿಷ ಬಿಟ್ಟು ಬಟ್ಟೆಯಿಂದ ಒರೆಸಿ. ಹಾಲು ಹೆಚ್ಚಾದ ಚಹಾದ ಬಣ್ಣ ಉಳಿಯಬೇಕು. ಒಂದು ದಿನ ಒಣಗಿಸಿ, 2ನೇ ನಂಬರಿನ ಬ್ರಷ್‌ನಲ್ಲಿ ತೆಳುವಾದ ಬರ್ಂಟ್ ಅಂಬರಿನಿಂದ ರೇಖೆ ಹಾಕಿ. ಪೆನ್ಸಿಲ್ ಬೇಡ, ಮೇಲಿನ ಬಣ್ಣ ವರ್ಷಗಳಲ್ಲಿ ಪಾರದರ್ಶಕವಾದಂತೆ ಗ್ರಾಫೈಟ್ ಇಣುಕುತ್ತದೆ.

ಅಡಿಬಣ್ಣ

ರಾ ಅಂಬರ್ ಮತ್ತು ಬಿಳಿ ಎರಡರಲ್ಲೇ ಐದು ಮೆಟ್ಟಿಲುಗಳ ಛಾಯೆ ಕಲಸಿಟ್ಟುಕೊಂಡು ಇಡೀ ಚಿತ್ರವನ್ನು ಕಟ್ಟಿ. ಬೆಳಕು ಒಂದೇ ಕಿಟಕಿಯಿಂದ, ಎಡ ಮೇಲಿನಿಂದ ಬರಲಿ. ಕಣ್ಣಿನ ಗುಳಿ, ಮೂಗಿನ ಬಲಮಗ್ಗುಲು, ಕೆಳತುಟಿಯ ಕೆಳಗಿನ ತಗ್ಗು, ಗಲ್ಲದ ಕೆಳಗು ಸೇರಿ ಒಂದೇ ನೆರಳಿನ ಆಕಾರವಾಗಬೇಕು. ಈ ಹಂತದಲ್ಲಿ ಮುಖ ನಂಬುವಂತೆ ನಿಲ್ಲದಿದ್ದರೆ ಬಣ್ಣ ಬಂದ ಮೇಲೂ ನಿಲ್ಲುವುದಿಲ್ಲ, ಹಾಗಾಗಿ ಇಲ್ಲಿ ಆತುರ ಬೇಡ. ಕನ್ನಡಿಯಲ್ಲಿ ಚಿತ್ರವನ್ನು ನೋಡಿ, ಕಣ್ಣುಗಳ ಓರೆ ಕೂಡಲೇ ಕಾಣುತ್ತದೆ.

ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಐವರಿ ಬ್ಲ್ಯಾಕ್ ಬಹಳ ನಿಧಾನ, ಅದನ್ನು ಅಡಿಪದರಕ್ಕೆ ತರಬೇಡಿ. ಬೇಸಿಗೆಯಲ್ಲಿ ಮೂರು ದಿನ, ಮಲೆನಾಡು ಕರಾವಳಿಯ ಮಳೆಗಾಲದಲ್ಲಿ ಒಂದು ವಾರ ಕಾಯಿರಿ. ಈ ಪದರಕ್ಕೆ ಬರೀ ಟರ್ಪೆಂಟೈನ್, ಮುಂದಿನದಕ್ಕೆ ಎರಡು ಪಾಲು ಟರ್ಪೆಂಟೈನಿಗೆ ಒಂದು ಪಾಲು ಎಣ್ಣೆ, ಕೊನೆಯದಕ್ಕೆ ಸಮಪಾಲು. ಎಣ್ಣೆ ಹೆಚ್ಚಿರುವ ಪದರ ಕೆಳಗೆ ಹೋದರೆ ಅದು ಇನ್ನೂ ಅಲುಗಾಡುತ್ತಿರುವಾಗಲೇ ಮೇಲಿನದು ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಚರ್ಮದ ಬಣ್ಣ

‘ರೆಡ್ ಇಂಡಿಯನ್’ ಎಂಬ ಹಳೆಯ ಮಾತು ಕನ್ನಡದಲ್ಲಿ ಇನ್ನೂ ಉಳಿದಿದೆ. ಆ ಮಾತು ಕಿವಿಯಲ್ಲಿರುವವರೆಗೂ ಕೈ ಕೆಂಪು ಟ್ಯೂಬಿನ ಕಡೆಗೇ ಹೋಗುತ್ತದೆ. ಇಟ್ಟಿಗೆ ಬಣ್ಣದ ಮುಖ ಹುಟ್ಟುವುದು ಹೀಗೆ. ನಿಜದ ಚರ್ಮ ಕಂದು, ನಮ್ಮಲ್ಲಿನ ಎಷ್ಟೋ ಮುಖಗಳ ಬಣ್ಣಕ್ಕೆ ಹತ್ತಿರ. ಮುಖಕ್ಕೆ ಜೀವ ಕೊಡುವುದು ಬೆಳಕಿಗೂ ನೆರಳಿಗೂ ನಡುವೆ ಬರುವ ಬೂದು-ಹಸಿರು ಅರೆನೆರಳು. ಕೆಂಪನ್ನು ಜಾಸ್ತಿ ಮಾಡಿದರೆ ಮೊದಲು ಸಾಯುವುದು ಅದೇ.

ಚಾಕುವಿನ ತುದಿಯ ಅಳತೆಯಲ್ಲಿ ನಾಲ್ಕು ಗುಡ್ಡೆ ಕಲಸಿಕೊಳ್ಳಿ. ಬೆಳಕಿಗೆ 3 ಪಾಲು ಬಿಳಿ, 2 ಪಾಲು ಓಕರ್, 1 ಪಾಲು ಬರ್ಂಟ್ ಸಿಯೆನ್ನಾ. ನಡುಬಣ್ಣಕ್ಕೆ 2 ಪಾಲು ಓಕರ್, 2 ಪಾಲು ಬರ್ಂಟ್ ಸಿಯೆನ್ನಾ, 1 ಪಾಲು ಬಿಳಿ, ಕಾಲು ಪಾಲು ಅಲ್ಟ್ರಾಮರೀನ್. ಅರೆನೆರಳಿಗೆ ಅದೇ ನಡುಬಣ್ಣದ ಒಂದು ಭಾಗಕ್ಕೆ ಸಮನಾಗಿ ರಾ ಅಂಬರ್, ಚಿಟಿಕೆ ಬಿಳಿ ಮತ್ತು ಅಲ್ಟ್ರಾಮರೀನ್. ನೆರಳಿಗೆ 2 ಪಾಲು ಬರ್ಂಟ್ ಅಂಬರ್, ಅರ್ಧ ಪಾಲು ಅಲಿಜರಿನ್, ಅರ್ಧ ಪಾಲು ಅಲ್ಟ್ರಾಮರೀನ್, ಬಿಳಿ ಇಲ್ಲ. ನೆರಳಿಗೆ ಬಿಳಿ ಸೋಕಿತೆಂದರೆ ಅದು ಬೂದಿ ಬಳಿದಂತೆ ಕಾಣುತ್ತದೆ. ನೆರಳು ತೆಳ್ಳಗಿರಲಿ, ಅಡಿಬಣ್ಣ ಕಾಣುವಷ್ಟು. ಬೆಳಕು ದಪ್ಪಗಿರಲಿ.

ಹಣೆ ಸ್ವಲ್ಪ ಹಳದಿ, ಕೆನ್ನೆ-ಮೂಗು-ಕಿವಿಯ ಪಟ್ಟಿ ಸ್ವಲ್ಪ ಬಿಸಿ, ಅಂದರೆ ಕೆಂಪಿನ ಕಡೆಗೆ, ದವಡೆ ತಣ್ಣಗೆ, ಅಂದರೆ ನೀಲಿ-ಬೂದಿನ ಕಡೆಗೆ. ಬಿಸಿ ಬೇಕಾದಲ್ಲಿ ನಡುಬಣ್ಣಕ್ಕೆ ಲೈಟ್ ರೆಡ್ ಕಡ್ಡಿಯ ತುದಿಯಷ್ಟು ಸಾಕು. ಕ್ಯಾಡ್ಮಿಯಂ ಚರ್ಮದ ಹತ್ತಿರ ಸುಳಿಯದಿರಲಿ, ಅದನ್ನು ಬಟ್ಟೆಗೆ ಉಳಿಸಿ. ಪೇಟ ಕೆಂಪಾಗಿರುವುದರಿಂದ ಅದರ ಕೆಳಗಿನ ಹಣೆಯ ನೆರಳಿನಲ್ಲಿ ಒಂದು ಸಣ್ಣ ಕೆಂಪು ಮಿಂಚು ತನ್ನಿಂದ ತಾನೇ ಬರುತ್ತದೆ. ಆ ಒಂದು ಜಾಗದಲ್ಲಿ ಅಲಿಜರಿನ್ ತಾಗಿಸಿದರೆ ಪೇಟ ತಲೆಗೆ ಅಂಟಿಕೊಳ್ಳುತ್ತದೆ. ಕಣ್ಣಿನ ಬಿಳಿಭಾಗಕ್ಕೆ ಬಿಳಿ ಹಚ್ಚಬೇಡಿ. ಬಿಳಿ, ರಾ ಅಂಬರ್, ಚೂರು ಅಲ್ಟ್ರಾಮರೀನ್ ಬೆರೆತ ಬೂದು ಬಣ್ಣ ಹಚ್ಚಿ. ಮೇಲುರೆಪ್ಪೆಯ ನೆರಳು ಗುಡ್ಡೆಯ ಮೇಲೆ ಬೀಳಬೇಕು. ಹೊಳಪಿನ ಚುಕ್ಕೆ ಒಂದೊಂದು ಕಣ್ಣಿಗೆ ಒಂದೇ.

ಪೇಟ, ಕೋಟು, ಪಟ್ಟಿ

ಕನ್ನಡದ ಕಲಾವಿದರ ಕೈ ಪೇಟವೆಂದ ಕೂಡಲೇ ಮೈಸೂರು ಪೇಟದ ಕಡೆ ಹೋಗುತ್ತದೆ. ಆ ಜರಿ ಅಂಚು, ಹೊಲಿದಿಟ್ಟಂಥ ಮಡಿಕೆ ಇಲ್ಲಿ ಸಲ್ಲದು. ಇದು ದೊಡ್ಡ ಚೌಕವಸ್ತ್ರವನ್ನೊ ಶಾಲನ್ನೊ ಉದ್ದಕ್ಕೆ ಮಡಿಸಿ ತಲೆಗೆ ಸುತ್ತಿ ಸಿಕ್ಕಿಸಿದ್ದು. ಅಗಲ, ತಗ್ಗು, ಮಡಿಕೆಗಳು ಸಡಿಲ. ಎರಡು ಮೀಟರ್ ಅಚ್ಚಿನ ಹತ್ತಿಬಟ್ಟೆ ತಂದು ರೂಪದರ್ಶಿಗೆ ನೀವೇ ಸುತ್ತಿ ನೋಡಿ, ಹೊಸ ಬಟ್ಟೆಯಾದರೆ ಒಮ್ಮೆ ಒಗೆದು ಗಂಜಿ ಬಿಡಿಸಿ. ಇಂಥ ಅಚ್ಚಿನ ಹತ್ತಿಬಟ್ಟೆಗೆ ಅಲ್ಲಿ ಕ್ಯಾಲಿಕೊ ಎಂದೇ ಹೆಸರು. ಆ ಹೆಸರು ಹೋದದ್ದು ನಮ್ಮ ಪಕ್ಕದ ಕಲ್ಲಿಕೋಟೆಯಿಂದ.

ಕೆಂಪು ಮಂಜಿಷ್ಠದ ಕೆಂಪು. ನೆರಳಿಗೆ ಅಲಿಜರಿನ್ ಮತ್ತು ಬರ್ಂಟ್ ಅಂಬರ್, ನಡುವಿಗೆ ಅಲಿಜರಿನ್ ಮತ್ತು ಲೈಟ್ ರೆಡ್, ಬೆಳಕಿಗೆ ಕ್ಯಾಡ್ಮಿಯಂ ರೆಡ್ ಮತ್ತು ಚೂರು ಓಕರ್. ಬೆಳಕು ತೋರಿಸಲು ಬಿಳಿ ಬೆರೆಸಿದರೆ ಕೆಂಪು ಗುಲಾಬಿಯಾಗುತ್ತದೆ. ಮೊದಲು ಹೂವಿಲ್ಲದ ಬಟ್ಟೆಯನ್ನು ಮುಗಿಸಿ ಎರಡು ದಿನ ಬಿಡಿ. ಆಮೇಲೆ ಸಣ್ಣ ಹೂಗಳು. ಮಡಿಕೆ ಬಂದಲ್ಲಿ ಹೂ ಕತ್ತರಿಸಬೇಕು, ಅರ್ಧ ಹೂ ಮಡಿಕೆಯೊಳಗೆ ಹೋಗಬೇಕು. ತಲೆ ತಿರುಗುವ ಅಂಚಿನಲ್ಲಿ ಹೂಗಳ ನಡುವಿನ ಅಂತರ ಕಿರಿದಾಗಬೇಕು. ಎಲ್ಲೆಡೆ ಸಮ ಅಂತರದಲ್ಲಿ ಇಟ್ಟರೆ ಪೇಟ ಗೋಡೆ ಕಾಗದದಂತೆ ಚಪ್ಪಟೆಯಾಗುತ್ತದೆ. ನೆರಳಿನ ಹೂಗಳಿಗೆ ಬಿಳಿಯ ಬದಲು ಓಕರ್-ಅಂಬರ್ ಬಳಸಿ.

ಕೋಟಿಗೆ ಕಡುನೀಲಿ ಒಳ್ಳೆಯದು, ಮುಖದ ಕಂದು ಅದರ ಮುಂದೆ ತಾನೇ ಬೆಳಗುತ್ತದೆ. ಅಲ್ಟ್ರಾಮರೀನಿಗೆ ಅದರ ಮೂರನೇ ಒಂದು ಪಾಲು ಬರ್ಂಟ್ ಅಂಬರ್ ಬೆರೆಸಿದರೆ ನೀಲಿಯ ಬಣ್ಣದಂಗಡಿ ಹೊಳಪು ಇಳಿದು ಇಂಡಿಗೊ ಅದ್ದಿದ ಬಟ್ಟೆಯಾಗುತ್ತದೆ.

ಬೆರಳಿನಿಂದ ನೇಯುವ ಪಟ್ಟಿಗೆ ಮಗ್ಗವಿಲ್ಲ. ಉಣ್ಣೆಯ ಎಳೆಗಳನ್ನು ಓರೆಯಾಗಿ ಒಂದರೊಳಗೊಂದು ಹಾಯಿಸುತ್ತಾರೆ, ಅದರಿಂದಲೇ ಬಾಣದ ತುದಿಯ, ಅಂಕುಡೊಂಕಿನ ವಿನ್ಯಾಸ ಹುಟ್ಟುತ್ತದೆ. ಮೇಲೆ ಹೇಳಿದ ಅಳತೆಯಲ್ಲಿ ಸೊಂಟ ಚಿತ್ರದೊಳಗೆ ಬರುವುದಿಲ್ಲ. ಸೊಂಟದವರೆಗೆ ಬಿಡಿಸುವುದಾದರೆ ಮೊದಲು ಪಟ್ಟಿಯ ನಡುಗೆರೆ ಎಳೆಯಿರಿ, ಅದು ಮೈಯ ಉಬ್ಬನ್ನು ಅನುಸರಿಸಲಿ. ಎರಡೂ ಅಂಚಿನಿಂದ ಓರೆ ಗೆರೆಗಳು ನಡುಗೆರೆಗೆ ಬಂದು ಸೇರಬೇಕು. ಅಡ್ಡಗೆರೆ ಹಾಕಿದರೆ ಅದು ಮಗ್ಗದ ಬಟ್ಟೆ. ನೇಯ್ಗೆಯೊಳಗೆ ಬಿಳಿ ಮಣಿಗಳು ಬೇಕೆಂದರೆ 0 ನಂಬರಿನ ಬ್ರಷ್‌ನಲ್ಲಿ ದಪ್ಪ ಬಣ್ಣದ ಚುಕ್ಕೆಗಳನ್ನಿಟ್ಟು, ಬೆಳಕಿನ ಕಡೆಯ ಕೆಲವಕ್ಕೆ ಮಾತ್ರ ಹೊಳಪು ಕೊಡಿ.

ಬೆಳ್ಳಿ ಬೇಕಿದ್ದರೆ ಕಿವಿಯೋಲೆ ಸಾಕು. ಅಮೆರಿಕ ಸರ್ಕಾರ ಕೊಡುತ್ತಿದ್ದ ಶಾಂತಿ ಪದಕ ಎಲ್ಲರ ಕೊರಳಲ್ಲೂ ಇರುವಂಥದ್ದಲ್ಲ, ಅದು ಮುಖಂಡರಿಗೆ ಸಿಗುತ್ತಿದ್ದ ವಸ್ತು. ಅದನ್ನು ಹಾಕಿದರೆ ನಿಮ್ಮ ಗೃಹಸ್ಥ ಮುಖಂಡನಾಗಿಬಿಡುತ್ತಾನೆ. ಬೆಳ್ಳಿಗೆ ಬೂದು ಬಣ್ಣ ಬಳಿದರೆ ತಗಡು ಕಾಣುತ್ತದೆ. ಅದು ಕನ್ನಡಿ, ಕಪ್ಪಿನ ಪಕ್ಕದಲ್ಲೇ ಬಿಳಿ ಬರಬೇಕು, ನಡುವೆ ಮೆಲ್ಲನೆಯ ಇಳಿಜಾರು ಇರಬಾರದು. ಕೆಳಭಾಗದಲ್ಲಿ ಕೋಟಿನ ನೀಲಿ, ಕೆನ್ನೆಯ ಕಡೆ ಚರ್ಮದ ಕಂದು ಪ್ರತಿಫಲಿಸಲಿ.

ಪತ್ರಿಕೆಯ ಅಕ್ಷರ

ಸಿಕ್ವೋಯಾನ ಲಿಪಿ 1821ರ ಹೊತ್ತಿಗೆ ಸಿದ್ಧವಾಯಿತು. ಅದರಲ್ಲಿ ಬಹುಪಾಲು ಒಂದು ಅಕ್ಷರವೆಂದರೆ ವ್ಯಂಜನ-ಸ್ವರ ಕೂಡಿದ ಒಂದು ಪೂರ್ತಿ ಉಚ್ಚಾರ, ಆ ಮಟ್ಟಿಗೆ ಕನ್ನಡದವರಿಗೆ ಮನಸ್ಸಿಗೆ ಹತ್ತಿರ. ಆದರೆ ನಮ್ಮ ಕಾಗುಣಿತದಲ್ಲಿ ಕ, ಕಿ, ಕು ಒಂದೇ ಮೈಗೆ ಬೇರೆ ಬೇರೆ ಚಿಹ್ನೆ ತೊಟ್ಟಂತೆ ಅಲ್ಲಿ ಇಲ್ಲ. ಗ, ಗಿ, ಗು ಮೂರಕ್ಕೂ ಸಂಬಂಧವಿಲ್ಲದ ಮೂರು ಆಕಾರಗಳು. ಊಹಿಸಿ ಬರೆಯಲು ಸಾಧ್ಯವಿಲ್ಲ, ಒಂದೊಂದನ್ನೂ ನೋಡಿಯೇ ಇಳಿಸಬೇಕು. ಆ ಜನ ತಮ್ಮನ್ನು ಕರೆದುಕೊಳ್ಳುವ ‘ತ್ಸಲಗಿ’ ಎಂಬ ಹೆಸರಿಗೆ ಮೂರೇ ಅಕ್ಷರ. ಇಂಗ್ಲಿಷಿನ ಜಿ, ಡಬ್ಲ್ಯೂ, ವೈಗಳನ್ನು ಹೋಲುವ ಆಕಾರಗಳು, ಓದುವುದು ಮಾತ್ರ ತ್ಸ, ಲ, ಗಿ. ಶೀರ್ಷಿಕೆಯ ಜಾಗದಲ್ಲಿ ಈ ಮೂರನ್ನು ಸ್ಪಷ್ಟವಾಗಿ ಬರೆದು ಉಳಿದ ಸಾಲುಗಳನ್ನು ಬೂದು ಗೆರೆಗಳಾಗಿ ಬಿಟ್ಟರೆ ಕಣ್ಣಿಗೆ ಹಿತ. ಅರ್ಥವಿಲ್ಲದ ಗೀಚನ್ನು ಅಕ್ಷರದಂತೆ ಬರೆಯಬೇಡಿ. ಆ ಲಿಪಿ ಇಂದಿಗೂ ಬಳಕೆಯಲ್ಲಿದೆ, ಓದಬಲ್ಲವರು ಇದ್ದಾರೆ. ಕಾಗದದ ಬಿಳುಪಿಗೆ ಬಿಳಿ, ಓಕರ್, ಚೂರು ರಾ ಅಂಬರ್. ಅದು ಹಣೆಯ ಬೆಳಕಿಗಿಂತ ಒಂದು ಮೆಟ್ಟಿಲು ಕೆಳಗೇ ಇರಲಿ, ಇಲ್ಲದಿದ್ದರೆ ನೋಟ ಮುಖ ಬಿಟ್ಟು ಪತ್ರಿಕೆಗೆ ಹೋಗುತ್ತದೆ.

ಹಿನ್ನೆಲೆಗೆ ರಾ ಅಂಬರ್, ಐವರಿ ಬ್ಲ್ಯಾಕ್, ಬಿಳಿ ಬೆರೆತ ಸಾದಾ ಕಂದುಬೂದು ಸಾಕು, ಆ ಕಾಲದ ಭಾವಚಿತ್ರಗಳಲ್ಲೂ ಇದು ಸಾಮಾನ್ಯ. ನೆರಳಿನ ಕೆನ್ನೆಯ ಪಕ್ಕ ಸ್ವಲ್ಪ ತಿಳಿ, ಬೆಳಕಿನ ಕೆನ್ನೆಯ ಪಕ್ಕ ಸ್ವಲ್ಪ ಗಾಢ.

ಒಣಗಿಸುವುದು, ಹೆಸರಿಡುವುದು

ಮುಗಿದ ಚಿತ್ರವನ್ನು ಗೋಡೆಗೆ ಒರಗಿಸದೆ, ಹಿಂದೆ ಗಾಳಿಯಾಡುವಂತೆ ಇಡಿ. ಮಳೆಗಾಲದಲ್ಲಿ ಕ್ಯಾನ್ವಾಸಿನ ಬೆನ್ನಿಗೆ ಬೂಷ್ಟು ಹಿಡಿಯುವುದು ಗೋಡೆಯ ತೇವದಿಂದ. ವಾರ್ನಿಷ್‌ಗೆ ಆರು ತಿಂಗಳು ಕಾಯಿರಿ. ಅದಕ್ಕೂ ಮುಂಚೆ ಗಾಢ ಬಣ್ಣಗಳು ಮಂಕಾದರೆ ರೀಟಚ್ ವಾರ್ನಿಷ್ ಎಂಬ ತಾತ್ಕಾಲಿಕ ವಾರ್ನಿಷನ್ನು ತೆಳ್ಳಗೆ ಹಚ್ಚಬಹುದು.

ಚಿತ್ರಕ್ಕೆ ನೀವೇ ಹುಟ್ಟಿಸಿದ ‘ಇಂಡಿಯನ್’ ಹೆಸರು ಬೇಡ. ‘ಪತ್ರಿಕೆ ಓದುವ ಚೆರೋಕಿ ಗೃಹಸ್ಥ, 1828, ಕಲ್ಪಿತ ಭಾವಚಿತ್ರ’ ಎಂದು ಹಿಂಬದಿಯಲ್ಲಿ ಬರೆದು, ನಿಮ್ಮ ಹೆಸರು ಮತ್ತು ಬಿಡಿಸಿದ ವರ್ಷ ಸೇರಿಸಿ. ಅಮೆರಿಕದಲ್ಲಿರುವ ಕನ್ನಡಿಗರು ಇಂಥ ಚಿತ್ರವನ್ನು ಮಾರುವುದಾದರೆ ಇನ್ನೊಂದು ಎಚ್ಚರ ಬೇಕು. ಅಲ್ಲಿನ 1990ರ ಇಂಡಿಯನ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಕಾಯ್ದೆಯ ಪ್ರಕಾರ ಮೂಲನಿವಾಸಿಗಳು ಮಾಡದ ಕಲಾವಸ್ತುವನ್ನು ಅವರು ಮಾಡಿದ್ದೆಂಬ ಭಾವನೆ ಬರುವಂತೆ ಮಾರುವುದು ಅಪರಾಧ. ‘ಚೆರೋಕಿ ಕಲೆ’ ಎಂಬ ಚೀಟಿ ಅಂಟಿಸಬೇಡಿ. ಚೆರೋಕಿ ಇತಿಹಾಸದ ವಿಷಯದ ಮೇಲೆ ಇಂಥವರು ಬಿಡಿಸಿದ ಚಿತ್ರ ಎಂದು ಬೆಲೆಯ ಚೀಟಿಯಲ್ಲೇ ಬರೆಯಿರಿ.